ಯಾರೂ ನೋಡಲಾಗದ ಪತ್ತೇದಾರಿಣಿ

ಪತ್ತೇದಾರ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ಎನ್. ನರಸಿಂಹಯ್ಯನವರ ಪುಸ್ತಕಗಳು ನೆನಪಾಗಬಹುದು. ದೂರದರ್ಶನದ ಕಾಲದವರಾದರೆ 1985ರ ಕರಮ್‌ಚಂದ್, ಅವನ ಕೈಯಲ್ಲಿನ ಕ್ಯಾರೆಟ್, ಪಕ್ಕದಲ್ಲಿ ಕಿಟ್ಟಿ. ಕ್ಯಾರೆಟ್ ಕಡಿಯುವ ಪತ್ತೇದಾರನೇ ವಿಚಿತ್ರ ಅಂತ ನಾವು ನಕ್ಕದ್ದುಂಟು. ಇವತ್ತು ನಾನು ಹೇಳಹೊರಟದ್ದು ಅದಕ್ಕೂ ಮೂವತ್ತನಾಲ್ಕು ವರ್ಷ ಮೊದಲು ಅಮೆರಿಕದ ಟಿ.ವಿ.ಯಲ್ಲಿ ಬಂದ ಒಬ್ಬ ಪತ್ತೇದಾರಿಣಿಯ ಕಥೆ. ಆಕೆ ಬಂದದ್ದು ಮೂರು ತಿಂಗಳು ಮಾತ್ರ. ಮತ್ತೆ ಆಕೆಯನ್ನು ಯಾರೂ ನೋಡಿಲ್ಲ, ಈಗ ನೋಡಬೇಕೆಂದರೂ ಆಗುವುದಿಲ್ಲ.

ಧಾರಾವಾಹಿಯ ಹೆಸರು 'ದಿ ಗ್ಯಾಲರಿ ಆಫ್ ಮೇಡಂ ಲಿಯು-ತ್ಸಾಂಗ್'. 1951ರ ಆಗಸ್ಟ್ 27, ಸೋಮವಾರ ರಾತ್ರಿ ಡ್ಯೂಮಾಂಟ್ ಎಂಬ ಜಾಲದಲ್ಲಿ ಶುರುವಾಯಿತು. ಅರ್ಧ ಗಂಟೆಯ ಕಂತು. ನಾಯಕಿ ಪ್ರಾಚೀನ ಕಲಾಕೃತಿಗಳ ವ್ಯಾಪಾರಿ, ಚೀನೀ ಮೂಲದ ಹೆಂಗಸು. ವ್ಯಾಪಾರದ ಜೊತೆಜೊತೆಗೆ ಕಳ್ಳತನ, ಕೊಲೆ, ದೇಶದೇಶಗಳ ನಡುವಿನ ಒಳಸಂಚು ಇವನ್ನೆಲ್ಲ ಬಿಡಿಸುವುದು ಆಕೆಯ ಕೆಲಸ. ಪಾತ್ರ ಮಾಡಿದವರು ಅನ್ನಾ ಮೇ ವಾಂಗ್. ಆಗ ಆಕೆಗೆ ವಯಸ್ಸು ನಲವತ್ತಾರು.

ಹೆಂಗಸು, ಚೀನೀ ಮೂಲ, ನಲವತ್ತಾರು ವರ್ಷ. 1951ರ ಅಮೆರಿಕದಲ್ಲಿ ಈ ಮೂರರಲ್ಲಿ ಒಂದಿದ್ದರೂ ಪತ್ತೇದಾರನ ಪಾತ್ರ ಸಿಗುವುದು ಕಷ್ಟ. ಅದೂ ಎಂಥ ಹೊತ್ತು ನೋಡಿ. ಕೊರಿಯಾ ಯುದ್ಧ ನಡೆಯುತ್ತಿತ್ತು. 1950ರ ಅಕ್ಟೋಬರಿನಿಂದ ಚೀನಾದ ಸೈನ್ಯ ಅಮೆರಿಕದ ಸೈನ್ಯಕ್ಕೆ ಎದುರಾಗಿ ನಿಂತಿತ್ತು. ಅಂಥ ದಿನಗಳಲ್ಲಿ ಮನೆಮನೆಯ ಪೆಟ್ಟಿಗೆಯಲ್ಲಿ ಒಬ್ಬ ಚೀನೀ ಹೆಂಗಸು ಬಂದು, ಬುದ್ಧಿವಂತಿಕೆಯಿಂದ ಕಳ್ಳರನ್ನು ಹಿಡಿಯುತ್ತಿದ್ದಳು! ಏಷ್ಯಾ ಮೂಲದ ಅಮೆರಿಕನ್ ಒಬ್ಬರು ಮುಖ್ಯಪಾತ್ರದಲ್ಲಿದ್ದ ಮೊದಲ ಅಮೆರಿಕನ್ ಧಾರಾವಾಹಿ ಇದು ಎಂದು ಚರಿತ್ರೆಕಾರರು ಒಪ್ಪುತ್ತಾರೆ.

ಈ ಪಾತ್ರದ ತೂಕ ತಿಳಿಯಬೇಕಾದರೆ ಆಕೆ ಅದಕ್ಕೆ ಮೊದಲು ಎಂತೆಂಥ ಪಾತ್ರ ಮಾಡಿದ್ದರು ಎಂದು ತಿಳಿಯಬೇಕು.

ಅನ್ನಾ ಮೇ ವಾಂಗ್ ಹುಟ್ಟಿದ್ದು 1905ರ ಜನವರಿ 3ರಂದು, ಲಾಸ್ ಏಂಜಲೀಸಿನಲ್ಲಿ. ತಂದೆಯದ್ದು ಬಟ್ಟೆ ಒಗೆಯುವ ಅಂಗಡಿ. ಮನೆಯಲ್ಲಿಟ್ಟ ಹೆಸರು ವಾಂಗ್ ಲಿಯು ತ್ಸಾಂಗ್. ಹದಿನೇಳನೇ ವಯಸ್ಸಿಗೆ, 1922ರಲ್ಲಿ, 'ದಿ ಟೋಲ್ ಆಫ್ ದಿ ಸೀ' ಎಂಬ ಮೂಕಿ ಚಿತ್ರದಲ್ಲಿ ನಾಯಕಿ. ಆರಂಭ ಕಾಲದ ಬಣ್ಣದ ಚಿತ್ರಗಳಲ್ಲಿ ಅದೂ ಒಂದು. ಕಥೆ ಏನೆಂದರೆ, ಅಮೆರಿಕದ ಗಂಡಸು ಆಕೆಯನ್ನು ಮದುವೆಯಾಗಿ ಬಿಟ್ಟುಹೋಗುತ್ತಾನೆ, ಕೊನೆಗೆ ಆಕೆ ಸಮುದ್ರದ ಪಾಲಾಗುತ್ತಾಳೆ. 1929ರ 'ಪಿಕಡಿಲಿ'ಯಲ್ಲಿ ಕೊಲೆಯಾಗುತ್ತಾಳೆ. 1931ರ 'ಡಾಟರ್ ಆಫ್ ದಿ ಡ್ರ್ಯಾಗನ್'ನಲ್ಲಿಯೂ ಸಾವು. ತಾನು ಸಿನಿಮಾಗಳಲ್ಲಿ ಎಷ್ಟು ಸಲ ಸತ್ತಿದ್ದೇನೆ ಎಂಬುದನ್ನು ಆಕೆಯೇ ತಮಾಷೆ ಮಾಡಿಕೊಳ್ಳುತ್ತಿದ್ದರಂತೆ. ಬಿಳಿಯ ನಾಯಕನೂ ಚೀನೀ ನಾಯಕಿಯೂ ಸುಖವಾಗಿ ಬಾಳುವುದನ್ನು ತೋರಿಸಲು ಆ ಕಾಲದ ಹಾಲಿವುಡ್ ತಯಾರಿರಲಿಲ್ಲ. ಮುಂದೆ ಬಂದ ಸಿನಿಮಾ ನೀತಿಸಂಹಿತೆಯಂತೂ ಇಂಥ ಸಂಬಂಧಕ್ಕೆ ಬಾಗಿಲನ್ನೇ ಹಾಕಿತು. ಹಾಗಾಗಿ ಕಥೆ ಮುಗಿಯಬೇಕಾದರೆ ಆಕೆ ಸಾಯಲೇಬೇಕು!

ಆ 'ಡಾಟರ್ ಆಫ್ ದಿ ಡ್ರ್ಯಾಗನ್'ನಲ್ಲಿ ಇನ್ನೊಂದು ವಿಷಯ ಉಂಟು. ಅದರಲ್ಲಿ ಆಕೆಯ ತಂದೆಯ ಪಾತ್ರ, ಫೂ ಮಾಂಚು ಎಂಬ ಚೀನೀ ಖಳನದ್ದು, ಮಾಡಿದವರು ವಾರ್ನರ್ ಓಲಂಡ್. ಚೀನೀಯರಲ್ಲ, ಸ್ವೀಡನ್ನಿನಲ್ಲಿ ಹುಟ್ಟಿದ ಬಿಳಿಯ ನಟ. ಆತ ತೆರೆಯ ಮೇಲಿದ್ದದ್ದು ಸ್ವಲ್ಪ ಹೊತ್ತು, ಸಿಕ್ಕಿದ್ದು 12,000 ಡಾಲರ್. ಹೆಚ್ಚು ಹೊತ್ತು ಇದ್ದ ವಾಂಗ್‌ಗೆ 6,000 ಎಂದು ಆಕೆಯ ಜೀವನಚರಿತ್ರೆ ಬರೆದವರು ಲೆಕ್ಕ ಕೊಡುತ್ತಾರೆ. ಇದೇ ಓಲಂಡ್ ಅದೇ ವರ್ಷದಿಂದ ಚೀನೀ ಪತ್ತೇದಾರ ಚಾರ್ಲಿ ಚಾನ್ ಆಗಿ ಸಾಲುಸಾಲು ಚಿತ್ರಗಳಲ್ಲಿ ಬಂದರು. ಓಲಂಡ್ ತೀರಿಕೊಂಡ ಮೇಲೆ ಸಿಡ್ನಿ ಟೋಲರ್, ಆಮೇಲೆ ರೋಲಂಡ್ ವಿಂಟರ್ಸ್. ಮೂವರೂ ಬಿಳಿಯರು. ಅಂದರೆ ಹಾಲಿವುಡ್ಡಿಗೆ ಚೀನೀ ಪತ್ತೇದಾರ ಬೇಕಿತ್ತು, ಚೀನೀ ನಟ ಬೇಕಿರಲಿಲ್ಲ. ಮೇಕಪ್ ಸಾಕಾಗುತ್ತಿತ್ತು.

ದೊಡ್ಡ ಪೆಟ್ಟು ಬಿದ್ದದ್ದು 'ದಿ ಗುಡ್ ಅರ್ತ್' ಚಿತ್ರದ ಸಂದರ್ಭದಲ್ಲಿ. ಪರ್ಲ್ ಬಕ್ ಅವರ ಕಾದಂಬರಿ, ಚೀನಾದ ಒಬ್ಬ ಬಡ ರೈತ ಮತ್ತು ಅವನ ಹೆಂಡತಿ ಓ-ಲಾನ್‌ಳ ಕಥೆ. ಆ ಪಾತ್ರಕ್ಕೆ ವಾಂಗ್ ಆಸೆಪಟ್ಟಿದ್ದರು. ರೈತನ ಪಾತ್ರ ಪಾಲ್ ಮುನಿ ಎಂಬ ಬಿಳಿಯ ನಟನಿಗೆ ಹೋಯಿತು, ಹೆಂಡತಿಯದ್ದು ಲೂಯಿ ರೈನರ್‌ಗೆ ಹೋಯಿತು. 1937ರಲ್ಲಿ ತೆರೆಕಂಡ ಆ ಚಿತ್ರಕ್ಕಾಗಿ ರೈನರ್‌ಗೆ ಆಸ್ಕರ್ ಬಂತು. ವಾಂಗ್ ಮುಂದೆ ಇಟ್ಟದ್ದು ಲೋಟಸ್ ಎಂಬ ಮನೆಮುರುಕಿ ಎರಡನೇ ಹೆಂಡತಿಯ ಪಾತ್ರ. ಒಳ್ಳೆಯ ಚೀನೀಯರನ್ನೆಲ್ಲ ಬಿಳಿಯರು ಮಾಡಿ, ಕೆಟ್ಟವಳನ್ನು ಮಾತ್ರ ನಿಜವಾದ ಚೀನೀಯಳು ಮಾಡಬೇಕೆಂದರೆ ನನ್ನಿಂದಾಗದು ಎಂದು ಆಕೆ ನಿರಾಕರಿಸಿದರು. 1936ರಲ್ಲಿ ಚೀನಾ ಪ್ರವಾಸ ಹೊರಟರು. ಅಲ್ಲಿಯೂ ಕೆಲವರು, ನಮ್ಮ ದೇಶದ ಮಾನ ಕಳೆಯುವ ಪಾತ್ರ ಮಾಡಿದವಳು ಎಂದು ಜರಿದರು. ಅಮೆರಿಕದಲ್ಲಿ ಚೀನೀ, ಚೀನಾದಲ್ಲಿ ಅಮೆರಿಕನ್. ಗಡಿಯಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರವಾಸದಿಂದ ಬಂದ ಮೇಲೆ ಸ್ವಲ್ಪ ಒಳ್ಳೆಯ ಪಾತ್ರಗಳು ಸಿಕ್ಕಿದವು. 1937ರ 'ಡಾಟರ್ ಆಫ್ ಶಾಂಘೈ'ಯಲ್ಲಿ ತಂದೆಯ ಕೊಲೆಗಡುಕರನ್ನು ಹುಡುಕಿ ಹೋಗುವ ಹುಡುಗಿ. ಮೇಡಂ ಲಿಯು-ತ್ಸಾಂಗ್‌ಳ ಬೀಜ ಇಲ್ಲೇ ಬಿದ್ದದ್ದು ಅಂತ ನನಗೆ ತೋರುತ್ತದೆ. ಆದರೆ 1942ರ ನಂತರ ಏಳು ವರ್ಷ ಚಿತ್ರವೇ ಇಲ್ಲ. 1949ರಲ್ಲಿ 'ಇಂಪ್ಯಾಕ್ಟ್' ಎಂಬ ಚಿತ್ರದಲ್ಲಿ ಸಿಕ್ಕಿದ್ದು ಮನೆಕೆಲಸದವಳ ಪಾತ್ರ.

ಎರಡು ವರ್ಷ ಕಳೆದು ಡ್ಯೂಮಾಂಟ್ ಧಾರಾವಾಹಿ ಬಂತು. ಪಾತ್ರವನ್ನು ಆಕೆಗೆಂದೇ ಬರೆದರು. ಪಾತ್ರಕ್ಕೆ ಇಟ್ಟ ಹೆಸರು ಗಮನಿಸಿದಿರಾ? ಲಿಯು-ತ್ಸಾಂಗ್ ಅಂದರೆ ಆಕೆಯದೇ ಮನೆಯ ಹೆಸರು. ಮೂವತ್ತು ವರ್ಷ ಕಮಲದ ಹೂವು, ಡ್ರ್ಯಾಗನ್ನಿನ ಮಗಳು ಅಂತೆಲ್ಲ ಕರೆಸಿಕೊಂಡು ಬಂದವರು ಕೊನೆಗೂ ತಂದೆ ಇಟ್ಟ ಹೆಸರಿನಲ್ಲಿ ತೆರೆಗೆ ಬಂದರು. ಸ್ವಂತ ಅಂಗಡಿಯ ಒಡತಿಯಾಗಿ. ಕಂತಿನ ಕೊನೆಗೆ ಸಾಯದೆ!

ಧಾರಾವಾಹಿ ಬಾಳದೆ ಇದ್ದುದಕ್ಕೆ ಕಾರಣ ಹುಡುಕಲು ಪತ್ತೇದಾರ ಬೇಡ. ಎನ್‌ಬಿಸಿ, ಸಿಬಿಎಸ್‌ಗಳಿಗೆ ರೇಡಿಯೋ ಕಾಲದ ಹಣ, ಕಲಾವಿದರು, ಕೇಳುಗರು ಎಲ್ಲ ಇದ್ದರು. ಡ್ಯೂಮಾಂಟ್ ಟಿ.ವಿ. ಪೆಟ್ಟಿಗೆ ತಯಾರಿಸುವ ಅಲೆನ್ ಡ್ಯೂಮಾಂಟ್ ಎಂಬ ಇಂಜಿನಿಯರ್ ಕಟ್ಟಿದ ಸಂಸ್ಥೆ. ಸ್ವಂತದ್ದು ಎಂದು ಇದ್ದ ಕೇಂದ್ರಗಳು ಮೂರು: ನ್ಯೂಯಾರ್ಕ್, ವಾಷಿಂಗ್ಟನ್, ಪಿಟ್ಸ್‌ಬರ್ಗ್. 1948ರಿಂದ 1952ರ ತನಕ ಸರಕಾರ ಹೊಸ ಕೇಂದ್ರಗಳಿಗೆ ಪರವಾನಗಿ ಕೊಡುವುದನ್ನೇ ನಿಲ್ಲಿಸಿತ್ತು. ಒಂದೋ ಎರಡೋ ಕೇಂದ್ರ ಇದ್ದ ಊರಿನಲ್ಲಿ ಅವು ದೊಡ್ಡ ಜಾಲಗಳ ಪಾಲು, ಡ್ಯೂಮಾಂಟಿಗೆ ಜಾಗ ಎಲ್ಲಿಯದು? ಅಕ್ಟೋಬರಿನಲ್ಲಿ ಧಾರಾವಾಹಿಯನ್ನು ಬುಧವಾರ ರಾತ್ರಿ ಒಂಬತ್ತಕ್ಕೆ ಸರಿಸಿ ನೋಡಿದರು. ಹೆಸರನ್ನೂ 'ಮೇಡಂ ಲಿಯು-ತ್ಸಾಂಗ್' ಅಂತ ಮೊಟಕು ಮಾಡಿದರು. ನವೆಂಬರ್ 21ಕ್ಕೆ ಮುಗಿಯಿತು. ಕಂತುಗಳು ಹತ್ತು ಎಂದು ಸಾಮಾನ್ಯವಾಗಿ ಲೆಕ್ಕ. ಮುಂದುವರಿಸುವ ಯೋಚನೆ ಇತ್ತು, 1952ರಲ್ಲಿ ಅದನ್ನೂ ಕೈಬಿಟ್ಟರು. ಡ್ಯೂಮಾಂಟ್ ಜಾಲವೇ 1956ರಲ್ಲಿ ಮುಚ್ಚಿತು.

ಸೋತ ಧಾರಾವಾಹಿಗಳು ಎಷ್ಟೋ ಇವೆ. ಇದರ ದುಃಖ ಬೇರೆ.

ಆ ಕಾಲದಲ್ಲಿ ನಾಟಕಗಳನ್ನು ನೇರಪ್ರಸಾರ ಮಾಡುತ್ತಿದ್ದರು. ದೂರದ ಊರುಗಳಿಗೆ ಕಳಿಸಲು, ಟಿ.ವಿ. ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಪರದೆಯ ಚಿತ್ರವನ್ನೇ ಹಿಡಿಯುತ್ತಿದ್ದರು. ಇದಕ್ಕೆ ಕೈನೆಸ್ಕೋಪ್ ಎಂದು ಹೆಸರು. ಮಸುಕು ಮಸುಕಾದ ಚಿತ್ರ. ಕೆಲಸ ಮುಗಿದ ಮೇಲೆ ಯಾರಿಗೂ ಬೇಡ. ಅದೇ ಹೊತ್ತಿಗೆ, 1951ರ ಅಕ್ಟೋಬರ್ 15ಕ್ಕೆ, ಸಿಬಿಎಸ್‌ನಲ್ಲಿ 'ಐ ಲವ್ ಲೂಸಿ' ಶುರುವಾಯಿತು. ಲೂಸಿಲ್ ಬಾಲ್ ಮತ್ತು ಆಕೆಯ ಗಂಡ ದೇಸಿ ಅರ್ನಾಜ್ ಲಾಸ್ ಏಂಜಲೀಸ್ ಬಿಟ್ಟು ನ್ಯೂಯಾರ್ಕಿಗೆ ಬರುವುದಿಲ್ಲ ಎಂದರು. ಕೈನೆಸ್ಕೋಪ್ ಬೇಡ, ಸಿನಿಮಾದ ಹಾಗೆ 35 ಮಿ.ಮೀ. ಫಿಲ್ಮಿನಲ್ಲೇ ಚಿತ್ರೀಕರಿಸುತ್ತೇವೆ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ, ಫಿಲ್ಮಿನ ಹಕ್ಕು ನಮಗಿರಲಿ ಎಂದರು. ಈಗಲೂ ಅದು ಸ್ಪಷ್ಟವಾಗಿ ನೋಡಲು ಸಿಗುತ್ತದೆ. ಒಂದೇ ವರ್ಷದ ಇಬ್ಬರು ನಾಯಕಿಯರು. ಒಬ್ಬಳ ಪ್ರತಿ ನಗುವೂ ಉಂಟು, ಇನ್ನೊಬ್ಬಳ ಒಂದು ನಿಮಿಷವೂ ಇಲ್ಲ. ವ್ಯತ್ಯಾಸ ಮಾಡಿದ್ದು ಪ್ರತಿಭೆಯಲ್ಲ ಮಾರಾಯ್ರೇ, ಫಿಲ್ಮು ಮತ್ತು ಅದರ ಮೇಲಿನ ಹಕ್ಕು.

ಡ್ಯೂಮಾಂಟ್‌ನ ಫಿಲ್ಮುಗಳು ಎಲ್ಲಿ ಹೋದವು? ಎಷ್ಟೋ ಫಿಲ್ಮುಗಳನ್ನು 1950ರ ದಶಕದ ಕೊನೆಗೆ ಅದರಲ್ಲಿದ್ದ ಬೆಳ್ಳಿ ತೆಗೆಯಲು ಹಾಳುಮಾಡಿದರು ಎನ್ನುತ್ತಾರೆ. ಉಳಿದದ್ದರ ಬಗ್ಗೆ 1996ರಲ್ಲಿ ನಟಿ ಈಡಿ ಆಡಮ್ಸ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಏರ್ಪಡಿಸಿದ್ದ ಟಿ.ವಿ. ಸಂರಕ್ಷಣೆಯ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. 1970ರ ದಶಕದಲ್ಲಿ ಆ ಸಂಗ್ರಹವನ್ನು ನೋಡಿಕೊಳ್ಳುವ ಖರ್ಚು ಯಾರದು ಎಂದು ವಕೀಲರ ನಡುವೆ ಮಾತುಕತೆ ನಡೆದಿತ್ತಂತೆ. ಒಬ್ಬ ವಕೀಲ, ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ನೋಡಿಕೊಂಡದ್ದು ಹೀಗೆ: ರಾತ್ರಿ ಎರಡು ಗಂಟೆಗೆ ಮೂರು ದೊಡ್ಡ ಲಾರಿ ತರಿಸಿ, ಎಲ್ಲವನ್ನೂ ತುಂಬಿಸಿ, ದೋಣಿಗೆ ಹಾಕಿಸಿ, ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಆಚೆ ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿಸಿದ. ಡ್ಯೂಮಾಂಟ್‌ನ ಇಪ್ಪತ್ತು ಸಾವಿರದಷ್ಟು ಪ್ರಸಾರಗಳಲ್ಲಿ ಈಗ ಉಳಿದದ್ದು ಸುಮಾರು 350 ಎಂದು ಅಂದಾಜು. ಲಿಯು-ತ್ಸಾಂಗ್‌ಳ ಕಂತುಗಳು ಬೆಳ್ಳಿಗಾಗಿ ಕರಗಿದವೋ, ನೀರಿಗೆ ಬಿದ್ದವೋ ಹೇಳುವಂತಿಲ್ಲ. ಪ್ರತಿ ಇಲ್ಲ, ಬರೆದ ಸಂಭಾಷಣೆಯ ಹಾಳೆಗಳೂ ಇಲ್ಲ.

ನಮಗೇನು ಇದು ಹೊಸತಲ್ಲ. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಆದರೆ ವಾಂಗ್ ವಿಷಯದಲ್ಲಿ ಕಾಲ ಆರಿಸಿದ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಆಕೆ ಮುಳುಗಿ ಸಾಯುವ ಚಿತ್ರ ಉಂಟು, ಕೊಲೆಯಾಗುವ ಚಿತ್ರ ಉಂಟು, ಅರ್ಧ ಸಂಬಳಕ್ಕೆ ಮಾಡಿದ ಡ್ರ್ಯಾಗನ್ನಿನ ಮಗಳೂ ಉಂಟು. ಚರಿತ್ರೆ ಓದುವ ಮಕ್ಕಳು ಅದನ್ನೇ ನೋಡಿ, ಈಕೆ ಇಂಥ ಪಾತ್ರ ಮಾಡಿದವಳು ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವುದರಲ್ಲಿ ತಪ್ಪೂ ಇಲ್ಲ, ಸಾಕ್ಷಿ ಇರುವುದು ಅದಕ್ಕೇ.

ಆಕೆ 1961ರ ಫೆಬ್ರವರಿ 3ರಂದು ಹೃದಯಾಘಾತದಿಂದ ತೀರಿಕೊಂಡರು. ಏಷ್ಯಾ ಮೂಲದ ನಟ ಮುಖ್ಯಪಾತ್ರದಲ್ಲಿದ್ದ ಇನ್ನೊಂದು ಧಾರಾವಾಹಿ, ಪ್ಯಾಟ್ ಮೊರಿಟಾ ಅವರದ್ದು, ಬಂದದ್ದು 1976ರಲ್ಲಿ. ಅದೂ ಬೇಗ ನಿಂತಿತು. ಮಾರ್ಗರೆಟ್ ಚೋ ಅವರದ್ದು 1994ರಲ್ಲಿ ಬಂತು, ಒಂದೇ ವರ್ಷ ನಡೆಯಿತು. 2022ರಲ್ಲಿ ಅಮೆರಿಕದ ಟಂಕಸಾಲೆ ಕಾಲು ಡಾಲರಿನ ನಾಣ್ಯದ ಮೇಲೆ ವಾಂಗ್ ಅವರ ಮುಖ ಅಚ್ಚುಹಾಕಿತು. ಹಳೆಯ ಟಿ.ವಿ. ಫಿಲ್ಮುಗಳು ಅಪರೂಪಕ್ಕೊಮ್ಮೆ ಯಾರದೋ ಅಟ್ಟದಿಂದಲೋ ಸಂಗ್ರಾಹಕರ ಮನೆಯಿಂದಲೋ ಹೊರಬರುವುದುಂಟು. ಮೇಡಂ ಲಿಯು-ತ್ಸಾಂಗ್‌ಳದ್ದು ಮಾತ್ರ ಇದುವರೆಗೆ ಬಂದಿಲ್ಲ.