ಹುಲ್ಲು ಮೇಯಿಸುವ ದೇವರು

ಮಳೆ ಕೈಕೊಟ್ಟ ವರ್ಷ, ದುಡಿಯುವ ಮಗನ ಕೆಲಸ ಹೋದ ತಿಂಗಳು, ಮನೆಯ ಹಿರಿಯರು ಆಡುವ ಮಾತೊಂದಿದೆ: ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ? ಅದರಲ್ಲಿ ನಂಬಿಕೆ ಇದೆ, ಸ್ವಲ್ಪ ಹಟವೂ ಇದೆ. ಹುಲ್ಲು ದನಕರುಗಳ ಪಾಲು, ಅನ್ನ ನಮ್ಮ ಪಾಲು. ಹುಟ್ಟಿಸಿದವನು ಆ ಪಾಲು ತಪ್ಪಿಸಲಾರ ಎಂಬ ಹಟ.

ಮನುಷ್ಯರ ವಿಷಯದಲ್ಲಿ ‘ಮೇಯು’ ಎಂದರೆ ಕನ್ನಡದಲ್ಲಿ ಬೈಗುಳವೇ. ಕೂತು ತಿನ್ನುವವನು ಮೇಯುತ್ತಾನೆ, ಲಂಚಕೋರ ಮೇಯುತ್ತಾನೆ. ಕಾಯಬೇಕಾದವನೇ ನುಂಗಿದರಂತೂ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಬೈಬಲಿನ 23ನೆಯ ಕೀರ್ತನೆಯ ಹತ್ತಿರ ಬಂದಾಗ ಈ ಪದದ ಅವಮಾನವೆಲ್ಲ ಕಳಚಿಬೀಳುತ್ತದೆ. ದಾವೀದನ ಹೆಸರಿನಲ್ಲಿರುವ ಆರೇ ವಚನಗಳ ಹಾಡು ಅದು. ಹಾಡುವವನು ತಾನಾಗಿಯೇ ಹೋಗಿ ಕುರಿಯ ಜಾಗದಲ್ಲಿ ನಿಲ್ಲುತ್ತಾನೆ. ದೇವರು ತನ್ನನ್ನು ಮೇಯಿಸುತ್ತಾನೆಂದೇ ಹಿಗ್ಗುತ್ತಾನೆ. ಕುರುಬನಿಗೆ ಹೀಬ್ರೂವಿನಲ್ಲಿ ‘ರೋಏ’ ಎನ್ನುತ್ತಾರೆ, ಮೇಯಿಸುವವನು ಎಂದೇ ಅರ್ಥ. ನಮ್ಮ ಚರ್ಚುಗಳಲ್ಲಿ ದಿನವೂ ಕೇಳುವ ‘ಪಾಸ್ಟರ್’ ಕೂಡ ಮೇಯಿಸುವ ಕೆಲಸದಿಂದಲೇ ಹುಟ್ಟಿದ ಲ್ಯಾಟಿನ್ ಪದ.

ಈ ಹಾಡಿನ ಹುಲ್ಲು ಎಂಥದ್ದು ಎಂದು ತಿಳಿದರೆ ಹಾಡು ಇನ್ನಷ್ಟು ಹತ್ತಿರವಾಗುತ್ತದೆ. ದಾವೀದನ ಊರಾದ ಬೇತ್ಲೆಹೇಮಿನ ಪೂರ್ವಕ್ಕೆ, ಮೃತ ಸಮುದ್ರದ ಕಡೆ ಇಳಿಯುವ ಗುಡ್ಡಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಅದೂ ಅಷ್ಟಕ್ಕಷ್ಟೇ. ಕೆಲವು ವಾರ ಹಸಿರು, ಆಮೇಲೆ ಬರೀ ಕಲ್ಲು. ಯಾವ ಇಳಿಜಾರಿನಲ್ಲಿ ನಾಲ್ಕು ಎಸಳು ಉಳಿದಿವೆ, ಯಾವ ಕೊರಕಲಲ್ಲಿ ನೀರಿದೆ ಎಂಬುದು ಕುರಿಗೆ ಗೊತ್ತಿಲ್ಲ, ಕುರುಬನಿಗೆ ಗೊತ್ತು. ಬಳ್ಳಾರಿ, ಕೊಪ್ಪಳದ ಬಯಲಿನಲ್ಲಿ ಕುರಿಗಾಹಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲದ ಮೇವು ಮುಗಿದಾಗ ದೋಟಿಯಿಂದ ಜಾಲಿಯ ಕೊಂಬೆ ಬಗ್ಗಿಸಿ ಅಲುಗಿಸುತ್ತಾರೆ. ಕಾಯಿ ಉದುರಿದ ಸದ್ದಿಗೆ ಹಿಂಡು ಓಡಿಬರುತ್ತದೆ. ಬೆಳಿಗ್ಗೆಯಷ್ಟೇ ಹುಟ್ಟಿದ ಮರಿ ಕಂಬಳಿಯೊಳಗೆ, ಎದೆಯ ಹತ್ತಿರ.

ಕನ್ನಡ ಬೈಬಲಿನಲ್ಲಿ ಆ ಹುಲ್ಲಿನ ನೆಲಕ್ಕೆ ‘ಹಸುರುಗಾವಲು’ ಎಂಬ ಪದವಿದೆ. ಕಾವಲು ಎಂದರೆ ಪಹರೆ, ಮೇವಿನ ಭೂಮಿಯೂ ಹೌದು. ಅಮೃತ ಮಹಲ್ ಕಾವಲುಗಳ ಸೀಮೆಯವರಿಗೆ ಇದು ಬಾಯಲ್ಲಿರುವ ಮಾತು. ಮೇಯಿಸುವುದು, ಕಾಯುವುದು ಎರಡೂ ಒಂದೇ ಪದದಲ್ಲಿ ಬಂದು ಕೂತಿರುವುದು ನನಗೆ ಬಹಳ ಇಷ್ಟ.

ಕುರುಬನೆಂದು ಕರೆಸಿಕೊಂಡವರೆಲ್ಲ ಮೇಯಿಸಿದರೇ? ಬಾಬಿಲೋನಿನ ಅರಸ ಹಮ್ಮುರಾಬಿ ತನ್ನ ಶಾಸನದಲ್ಲಿ ತನ್ನನ್ನು ಕುರುಬನೆಂದೇ ಕರೆದುಕೊಂಡಿದ್ದಾನೆ. ಅದೇ ಬಾಬಿಲೋನಿಗೆ ಸೆರೆ ಹೋದ ಜನರ ನಡುವೆ ನಿಂತ ಪ್ರವಾದಿ ಯೆಹೆಜ್ಕೇಲನು, ಹಿಂಡನ್ನು ಬಿಟ್ಟು ತಮ್ಮ ಹೊಟ್ಟೆಯನ್ನೇ ಮೇಯಿಸಿಕೊಂಡ ಇಸ್ರಾಯೇಲಿನ ಕುರುಬರನ್ನು, ಎಂದರೆ ಆಳುವವರನ್ನು, ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ಗ್ರಂಥದ 34ನೆಯ ಅಧ್ಯಾಯ ಅದು. ಅಲ್ಲಿ ದೇವರು ಹಿಂಡನ್ನು ಅವರ ಕೈಯಿಂದ ಬಿಡಿಸಿಕೊಂಡು, ತಪ್ಪಿಸಿಕೊಂಡದ್ದನ್ನು ತಾನೇ ಹುಡುಕಲು, ಮುರಿದ ಕಾಲಿಗೆ ತಾನೇ ಕಟ್ಟು ಹಾಕಲು ಹೊರಡುತ್ತಾನೆ. ಆಳುವವರಿಂದ, ಗುರುಗಳಿಂದ ಪೆಟ್ಟು ತಿಂದವರು ಆ ಅಧ್ಯಾಯವನ್ನು ಒಮ್ಮೆ ಓದಬೇಕು.

ಕೀರ್ತನೆಯಲ್ಲಿ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವ ಜಾಗ ಕತ್ತಲ ಕಣಿವೆ. ಹುಲ್ಲು, ನೀರು ಸಿಗುವವರೆಗೆ ಹಾಡುವವನು ದೇವರನ್ನು ‘ಅವನು’ ಎನ್ನುತ್ತಾನೆ. ಕಣಿವೆಗೆ ಇಳಿದೊಡನೆ ‘ನೀನು’ ಎಂದುಬಿಡುತ್ತಾನೆ. ಕಣಿವೆಯೇನೂ ತಪ್ಪುವುದಿಲ್ಲ, ಆದರೆ ಕೋಲು ಹಿಡಿದವನು ಪಕ್ಕದಲ್ಲೇ ಇದ್ದಾನೆ.

ಈ ಕೀರ್ತನೆಯನ್ನು ಸಾವಿನ ಮನೆಯಲ್ಲಿ ಓದುವ ರೂಢಿಯಿದೆ, ಓದಲಿ. ನಾನಂತೂ ಬೆಳಗಿನ ಹೊತ್ತು, ಒಲೆ ಹಚ್ಚುವ ಮುಂಚೆಯೂ ಓದಿ ಎನ್ನುತ್ತೇನೆ. ಹಿಂಡಿಗೆ ಹಸಿವಾಗುವುದು ದಿನವೂ.