ಇಚಿಕಾವಾದಲ್ಲಿ ಹೂಜಿ ಗಿಡ: ಸಾಕಣೆ ಮತ್ತು ಸಂಕರಣ

ಎದೊ ನದಿಯ ಒಂದು ದಡದಲ್ಲಿ ಟೋಕಿಯೊ, ಇನ್ನೊಂದು ದಡದಲ್ಲಿ ಇಚಿಕಾವಾ. ಚಿಬಾ ಪ್ರಾಂತ್ಯಕ್ಕೆ ಸೇರಿದ ಈ ನಗರದ ದಕ್ಷಿಣ ತುದಿ ಟೋಕಿಯೊ ಕೊಲ್ಲಿಯನ್ನು ಮುಟ್ಟುತ್ತದೆ. ಉತ್ತರದ ಓಮಾಚಿಯಲ್ಲಿ ರಸ್ತೆಯ ಎರಡೂ ಬದಿಗೆ ಜಪಾನಿ ಪೇರ್ ಹಣ್ಣಿನ ತೋಟಗಳಿವೆ. ಹೂಜಿ ಗಿಡ ಇಲ್ಲಿಯದಲ್ಲ, ಜಪಾನಿನ ಯಾವ ಕಾಡಿನಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಆದರೂ ಅಮೆರಿಕದಿಂದ ಬಂದ ಹೂಜಿ ಗಿಡಗಳಿಗೆ ಈ ಭಾಗದ ಹವೆ ಹೇಳಿ ಮಾಡಿಸಿದಂತಿದೆ. ಹೊರಗಿನ ಕಟ್ಟೆಯ ಮೇಲೆ, ನೀರು ತುಂಬಿದ ತಟ್ಟೆಯಲ್ಲಿಟ್ಟ ಕುಂಡದಲ್ಲಿ ಅವು ವರ್ಷವಿಡೀ ಬಾಳುತ್ತವೆ. ಕೀಟಾಹಾರಿ ಸಸ್ಯಗಳ ಇತಿಹಾಸದಲ್ಲಿ ಈ ನದಿಯ ದಡಕ್ಕೆ ಬೇರೆಯೇ ಒಂದು ಸ್ಥಾನವಿದೆ. ಹವ್ಯಾಸಕ್ಕೆಂದು ಗಿಡ ಸಾಕುವವರು ಎಷ್ಟು ದೊಡ್ಡ ಕೆಲಸ ಮಾಡಬಲ್ಲರು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಹಾಗಾಗಿ ಮೊದಲು ಆ ಕಥೆ.

ನದಿಯಾಚೆಯ ಹೊಂಡ

1890ರ ಮೇ 11ರಂದು ಸಸ್ಯವಿಜ್ಞಾನಿ ತೊಮಿತಾರೊ ಮಕಿನೊ ವಿಲೊ ಮರದ ಕಾಯಿಗಳನ್ನು ಸಂಗ್ರಹಿಸಲು ಕೊಯಿವಾ ಹಳ್ಳಿಗೆ ಹೋಗಿದ್ದರು. ಇಚಿಕಾವಾಕ್ಕೆ ನೇರ ಎದುರು ದಡದಲ್ಲಿದ್ದ ಆ ಹಳ್ಳಿ ಈಗ ಟೋಕಿಯೊದ ಎದೊಗಾವಾ ವಾರ್ಡಿಗೆ ಸೇರಿದೆ. ಅಲ್ಲಿ ಹೊಲಗಳಿಗೆ ನೀರು ಹಾಯಿಸುವ ಹೊಂಡವೊಂದರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಬೇರೇ ಇಲ್ಲದೆ ತೇಲುವ ಒಂದು ಗಿಡ. ಕಾಂಡದ ಸುತ್ತ ಸುತ್ತುಸುತ್ತಾಗಿ ಎಲೆಗಳು, ಪ್ರತಿ ಎಲೆಯ ತುದಿಗೆ ಎರಡು ಹೋಳಿನ ಪುಟ್ಟ ಬೋನು. ನೀರಿನ ಸಣ್ಣ ಜೀವಿ ಒಳಗೆ ತಾಗಿದರೆ ಹೋಳುಗಳು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತವೆ. ಅದು ಆಲ್ಡ್ರೊವಾಂಡಾ. ಅಲ್ಲಿಯವರೆಗೆ ಯುರೋಪ್, ನಮ್ಮ ಬಂಗಾಳ ಮತ್ತು ಆಸ್ಟ್ರೇಲಿಯಾಗಳಲ್ಲಿ ಇರುವುದಷ್ಟೇ ಲೋಕಕ್ಕೆ ಗೊತ್ತಿತ್ತು. ಮಕಿನೊ ಅದಕ್ಕೆ ಮುಜಿನಾಮೊ ಎಂದು ಜಪಾನಿ ಹೆಸರಿಟ್ಟರು. ಯುರೋಪಿನಲ್ಲಿ ಬಿರಿಯುವುದೇ ಅಪರೂಪವಾದ ಅದರ ಹೂ ಇಲ್ಲಿ ಬಿರಿಯುವುದನ್ನು ಕಂಡು ಕೂದಲೆಳೆಯಷ್ಟೂ ಬಿಡದೆ ಚಿತ್ರ ಬರೆದರು. ಆ ಚಿತ್ರದಿಂದಲೇ ಅವರ ಹೆಸರು ಜರ್ಮನಿಯ ಸಸ್ಯವಿಜ್ಞಾನಿಗಳವರೆಗೆ ತಲುಪಿತು.

ಆ ಹೊಂಡ ಈಗಿಲ್ಲ. ನದಿಯ ಬದಿಯಲ್ಲಿ ಅದರ ನೆನಪಿಗೆಂದು ಒಂದು ಕಲ್ಲು ಮಾತ್ರ ಇದೆ. ಮುಜಿನಾಮೊದ ಬೇರೆ ನೆಲೆಗಳೂ ಒಂದೊಂದಾಗಿ ಅಳಿದು ಕೊನೆಗೆ ಸೈತಾಮಾ ಪ್ರಾಂತ್ಯದ ಹಾನ್ಯೂ ಊರಿನ ಹೋಝೋಜಿ ಕೆರೆಯೊಂದೇ ಉಳಿಯಿತು. 1966ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. ಅದೇ ವರ್ಷ ನೆರೆ ಬಂದು ಗಿಡಗಳನ್ನು ಕೊಚ್ಚಿಕೊಂಡು ಹೋಯಿತು. ಆಮೇಲೆ ಈ ಗಿಡ ಬದುಕಿದ್ದು ಜನರ ಮನೆಯ ತೊಟ್ಟಿ, ಬಾನಿಗಳಲ್ಲಿ. ಊರವರು ಅಲ್ಲಿ ಬೆಳೆಸಿದ ಗಿಡಗಳನ್ನೇ ಮತ್ತೆ ಮತ್ತೆ ಕೆರೆಗೆ ಬಿಟ್ಟರು. ದಶಕಗಳ ಕಾಲ ಅವು ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಷ್ಟೇ ಕೆರೆಯಲ್ಲಿ ತಾವಾಗಿ ಹೆಚ್ಚತೊಡಗಿವೆ.

ಇಚಿಕಾವಾ ಇರುವ ಚಿಬಾ ಪ್ರಾಂತ್ಯದಲ್ಲೇ ಇನ್ನೊಂದು ಕೀಟಾಹಾರಿ ನೆಲೆ ಇದೆ. ಸಾನ್ಮು ಮತ್ತು ತೋಗಾನೆ ನಗರಗಳ ಗಡಿಯ ಜೌಗು ಹುಲ್ಲುಗಾವಲನ್ನು 1920ರಷ್ಟು ಹಿಂದೆಯೇ ನೈಸರ್ಗಿಕ ಸ್ಮಾರಕವಾಗಿ ಕಾಪಾಡಲಾಗಿದೆ. ಡ್ರಾಸೆರಾ ಮತ್ತು ಯುಟ್ರಿಕ್ಯುಲೇರಿಯಾ ಕುಲಗಳ ಎಂಟು ಬಗೆ ಅಲ್ಲಿವೆ. ಅವುಗಳಲ್ಲಿ ಉದ್ದ ಎಲೆಯ ಒಂದನ್ನು ಬಹುಕಾಲ ಡ್ರಾಸೆರಾ ಇಂಡಿಕಾ ಎಂದೇ ಕರೆಯುತ್ತಿದ್ದರು. ಕರ್ನಾಟಕದ ಜೌಗು ಬಯಲುಗಳಲ್ಲಿ ಮಳೆಗಾಲ ಮುಗಿಯುವಾಗ ಕಾಣುವ ಅಂಟುಗಿಡದ ಹತ್ತಿರದ ಬಂಧು ಅದು.

ಎರಡು ಕುಲ

ಹವ್ಯಾಸಿಗಳು ಹೂಜಿ ಗಿಡ ಎಂದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಹೇಳುತ್ತಿರುತ್ತಾರೆ. ಸರಸೇನಿಯಾ ಉತ್ತರ ಅಮೆರಿಕದ್ದು. ನೆಲದಿಂದ ನೇರ ಮೇಲೇಳುವ ಇಡೀ ಎಲೆಯೇ ಅದರಲ್ಲಿ ಹೂಜಿ. ನೆಪೆಂಥಿಸ್ ಮಡಗಾಸ್ಕರಿನಿಂದ ಬೋರ್ನಿಯೊ, ಫಿಲಿಪೈನ್ಸ್ ದಾಟಿ ನ್ಯೂ ಕ್ಯಾಲೆಡೋನಿಯಾದವರೆಗೆ ಹರಡಿದ ಬಳ್ಳಿ. ಎಲೆಯ ತುದಿಯ ನುಲಿಬಳ್ಳಿಯಿಂದ ಹೂಜಿ ತೂಗುತ್ತದೆ. ಭಾರತದಲ್ಲಿರುವ ಒಂದೇ ಒಂದು ನೆಪೆಂಥಿಸ್ ಎಂದರೆ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ.

ಎರಡೂ ಬೆಳೆಯುವುದು ಸಾರಜನಕ ಕಡಿಮೆ ಇರುವ ನೆಲದಲ್ಲಿ. ಆ ಕೊರತೆಯನ್ನು ಕೀಟಗಳಿಂದ ತುಂಬಿಸಿಕೊಳ್ಳುತ್ತವೆ. ಬಾಯಂಚಿನ ಮಕರಂದಕ್ಕೆ ಬಂದ ಇರುವೆ, ನೊಣ ಜಾರಿ ಒಳಗೆ ಬೀಳುತ್ತದೆ, ನುಣುಪಾದ ಗೋಡೆ ಮತ್ತು ಕೆಳಮುಖದ ರೋಮ ಮೇಲೆ ಬರಲು ಬಿಡುವುದಿಲ್ಲ, ಒಳಗಿನ ದ್ರವ ಕರಗಿಸಿಕೊಳ್ಳುತ್ತದೆ. ಹೀಗಾಗಿ ಸಾಕುವವರು ಕಲಿಯಬೇಕಾದ ಮೊದಲ ಪಾಠ: ಕುಂಡಕ್ಕೆ ಗೊಬ್ಬರ ಹಾಕಬಾರದು. ಮಾಂಸದ ಚೂರು ಹಾಕುವುದಂತೂ ಬೇಡವೇ ಬೇಡ, ಹೂಜಿ ಕೊಳೆಯುತ್ತದೆ.

ಹವೆ, ನೀರು, ಮಣ್ಣು

ಇಚಿಕಾವಾದ ಬೇಸಿಗೆ ಬಿಸಿ ಮತ್ತು ಬೆವರು. ಜೂನ್‌ನಿಂದ ಜುಲೈ ಮಧ್ಯದವರೆಗೆ ಮುಂಗಾರಿನಂಥ ಜಡಿಮಳೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಯ ಆಸುಪಾಸಿಗೆ ಇಳಿದು ಹಿಮ ಕಟ್ಟುತ್ತದೆ. ಸರಸೇನಿಯಾಕ್ಕೆ ಬೇಕಾದದ್ದು ಇದೇ. ಅದರ ತವರಾದ ಅಮೆರಿಕದ ಆಗ್ನೇಯ ಕರಾವಳಿಯಲ್ಲೂ ಬೇಸಿಗೆ ಹೀಗೇ ಸೆಕೆಯದು, ಚಳಿಗಾಲ ಹೀಗೇ ಬರುತ್ತದೆ. ಚಳಿಯಲ್ಲಿ ಹೂಜಿಗಳು ಕಂದಾಗಿ ಒಣಗುತ್ತವೆ, ನೆಲದೊಳಗಿನ ಗಡ್ಡೆ ಮಲಗುತ್ತದೆ. ಹೊಸಬರು ಗಿಡ ಸತ್ತಿತೆಂದು ಎಸೆಯುವುದು ಆಗಲೇ. ಎಸೆಯಬಾರದು, ಒಳಗೂ ತರಬಾರದು. ತಟ್ಟೆಯ ನೀರು ಆರದಂತೆ ನೋಡಿಕೊಂಡರೆ ಸಾಕು. ಫೆಬ್ರವರಿಯಲ್ಲಿ ಒಣಗಿದ ಎಲೆ ಕತ್ತರಿಸಿ, ಗಡ್ಡೆ ಒಡೆದು ಹೊಸ ಕುಂಡಕ್ಕೆ ನೆಡುತ್ತಾರೆ.

ನೀರು ಕೊಡುವ ಕ್ರಮಕ್ಕೆ ಜಪಾನಿನಲ್ಲಿ ಕೊಶಿಮಿಝು ಎನ್ನುತ್ತಾರೆ. ಕುಂಡದ ಬುಡ ಸದಾ ನೀರಿನಲ್ಲಿ ಮುಳುಗಿರುವಂತೆ ತಟ್ಟೆಯಲ್ಲಿಡುವುದು. ಲವಣ ಕಡಿಮೆ ಇರುವ ನೀರು ಬೇಕು. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿಯ ನಲ್ಲಿ ನೀರು ನಮ್ಮ ಕೊಳವೆಬಾವಿ ನೀರಿನಷ್ಟು ಗಡುಸಲ್ಲ, ಆದ್ದರಿಂದ ಅನೇಕರು ಅದನ್ನೇ ಹಾಕುತ್ತಾರೆ. ಮಣ್ಣಿನ ಬದಲು ಸ್ಫ್ಯಾಗ್ನಮ್ ಪಾಚಿ, ಪೀಟ್, ಕಾನುಮಾ. ಈ ಕಾನುಮಾ ತೊಚಿಗಿ ಪ್ರಾಂತ್ಯದಲ್ಲಿ ಅಗೆದು ತೆಗೆಯುವ ಹಳದಿ ಹರಳು, ಅಕಾಗಿ ಜ್ವಾಲಾಮುಖಿ ಬಹಳ ಹಿಂದೆ ಉಗುಳಿದ ಹಗುರ ಕಲ್ಲು. ಆಮ್ಲೀಯ, ಗೊಬ್ಬರದ ಅಂಶವಿಲ್ಲ, ನೀರು ಹಿಡಿಯುತ್ತದೆ, ಗಾಳಿಯನ್ನೂ ಬಿಡುತ್ತದೆ.

ನೆಪೆಂಥಿಸ್‌ಗೆ ಈ ಚಳಿ ಆಗದು. ಅಕ್ಟೋಬರ್ ಕೊನೆಗೆ ಅದನ್ನು ಒಳಗೆ ತಂದು, ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ಮತ್ತು ತೇವ ಒದಗಿಸಿ ಮೇ ತಿಂಗಳವರೆಗೆ ಕಾಯಬೇಕು.

ಸರಸೇನಿಯಾದ ಹೂವಿನೊಳಗೆ

ಓಮಾಚಿಯ ಪೇರ್ ತೋಟಗಳಲ್ಲಿ ಏಪ್ರಿಲ್ ಬಂದರೆ ಕೈಯಿಂದ ಪರಾಗ ಹಚ್ಚುವ ಕೆಲಸ. ತುದಿಗೆ ಮೃದುವಾದ ಗರಿಯ ಕುಚ್ಚು ಕಟ್ಟಿದ ಬೊಂತೆನ್ ಎಂಬ ಕೋಲಿನಿಂದ ರೈತರು ಒಂದು ತಳಿಯ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸುತ್ತಾರೆ. ತನ್ನದೇ ತಳಿಯ ಪರಾಗದಿಂದ ಪೇರ್ ಕಾಯಿ ಕಟ್ಟುವುದಿಲ್ಲ. ಕಟ್ಟೆಯ ಮೇಲಿನ ಸರಸೇನಿಯಾ ಹೂಬಿಡುವುದೂ ಆ ಹೊತ್ತಿಗೇ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ.

ಉದ್ದ ತೊಟ್ಟಿನ ತುದಿಯಲ್ಲಿ ಹೂ ತಲೆಕೆಳಗಾಗಿ ತೂಗುತ್ತದೆ. ಒಳಗಿನ ಶಲಾಕೆ ಕೆಳಗೆ ಅಗಲವಾಗಿ ಹರಡಿ, ಮಗುಚಿಟ್ಟ ಕೊಡೆಯಂತೆ ನಿಂತಿರುತ್ತದೆ. ಮೇಲಿನ ಕೇಸರಗಳಿಂದ ಉದುರಿದ ಪರಾಗ ಈ ಕೊಡೆಯ ಒಳಗೆ ತುಂಬಿಕೊಳ್ಳುತ್ತದೆ. ಕೊಡೆಗೆ ಐದು ಮೂಲೆ. ಒಂದೊಂದು ಮೂಲೆಯ ಸೀಳಿನ ಒಳಬದಿಗೆ ಸಾಸಿವೆಗಿಂತ ಚಿಕ್ಕ ಒಂದೊಂದು ಮೊನೆ. ಶಲಾಕಾಗ್ರ ಅದೇ, ಪರಾಗ ಅಂಟಬೇಕಾದದ್ದು ಅಲ್ಲಿಯೇ. ಮೂಲೆಗಳ ನಡುವಿನ ತೆರವನ್ನು ಇಳಿಬಿದ್ದ ಪಕಳೆಗಳು ಪರದೆಯಾಗಿ ಮುಚ್ಚಿರುತ್ತವೆ. ದುಂಬಿ ಒಳಗೆ ಬರುವಾಗ ಮೂಲೆಯ ಮೊನೆಗೆ ಮೈ ಉಜ್ಜಿ ಹೊರಗಿನ ಪರಾಗ ಬಿಡುತ್ತದೆ. ಹೊರಹೋಗುವಾಗ ಪಕಳೆ ಎತ್ತಿ ಬೇರೆ ದಾರಿ ಹಿಡಿಯುವುದರಿಂದ ಅದೇ ಹೂವಿನ ಪರಾಗ ಅದೇ ಮೊನೆಗೆ ತಾಗುವುದು ಕಡಿಮೆ. ಇಷ್ಟು ಅಚ್ಚುಕಟ್ಟಾದ ಹೂವಿನ ರಚನೆ ಸಸ್ಯಲೋಕದಲ್ಲಿ ವಿರಳವೆಂದೇ ನನ್ನ ಅನಿಸಿಕೆ.

ಸಂಕರಿಸುವವರು ದುಂಬಿಯ ಕೆಲಸ ತಾವು ಮಾಡುತ್ತಾರೆ. ತಾಯಿ ಗಿಡದ ಮೊಗ್ಗು ಬಿರಿಯುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಬೇಕು. ಬಿರಿದೊಡನೆ ಕೇಸರಗಳನ್ನು ಚಿಮಟದಿಂದ ಕಿತ್ತು, ತಂದೆ ಗಿಡದ ಪರಾಗವನ್ನು ಸಣ್ಣ ಕುಂಚದಿಂದ ಐದೂ ಮೊನೆಗಳಿಗೆ ಹಚ್ಚಿ, ಮತ್ತೆ ಚೀಲ ಕಟ್ಟಬೇಕು. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಹಚ್ಚಿದರೆ ಕಾಯಿ ಕಟ್ಟುವ ಭರವಸೆ ಹೆಚ್ಚು. ಶರತ್ಕಾಲದಲ್ಲಿ ಕಾಯಿ ಕಂದಾಗಿ ಬಿರಿಯುತ್ತದೆ. ಬೀಜಕ್ಕೆ ತೇವದ ಚಳಿ ತಾಗದೆ ಮೊಳಕೆ ಬರುವುದಿಲ್ಲ. ಒದ್ದೆ ಪಾಚಿಯಲ್ಲಿ ಸುತ್ತಿ ನಾಲ್ಕಾರು ವಾರ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ಚಳಿಗಾಲದಲ್ಲೇ ಹೊರಗೆ ಬಿತ್ತಬೇಕು. ಸಸಿಯ ಮೊದಲ ಹೂಜಿ ಅಕ್ಕಿಕಾಳಿನುದ್ದ ಇರುತ್ತದೆ. ನಿಜವಾದ ರೂಪ, ಬಣ್ಣ ಕಾಣಲು ನಾಲ್ಕೈದು ವರ್ಷ.

ಸರಸೇನಿಯಾದ ಎಲ್ಲ ಪ್ರಭೇದಗಳಿಗೂ 26 ವರ್ಣತಂತುಗಳು. ಯಾವುದನ್ನು ಯಾವುದರೊಡನೆ ಸೇರಿಸಿದರೂ ಬೀಜ ಬರುತ್ತದೆ, ಆ ಸಂತಾನವೂ ಬೀಜ ಕಟ್ಟುತ್ತದೆ. ಡಬ್ಲಿನ್‌ನ ಗ್ಲಾಸ್‌ನೆವಿನ್ ಸಸ್ಯೋದ್ಯಾನದಲ್ಲಿ ಡೇವಿಡ್ ಮೂರ್ ಹಳದಿ ಹೂಜಿಯ ಫ್ಲಾವಾ ಮತ್ತು ಬಿಳಿ ಟೊಪ್ಪಿಗೆಯ ಲ್ಯೂಕೊಫಿಲ್ಲಾ ಪ್ರಭೇದಗಳನ್ನು ಸೇರಿಸಿ ಪಡೆದ ಸಂಕರ 1874ರಲ್ಲಿ ಫ್ಲಾರೆನ್ಸ್‌ನ ಪ್ರದರ್ಶನಕ್ಕೆ ಹೋಯಿತು. ಇಂದಿಗೂ ಹವ್ಯಾಸಿಗಳು ಅತಿ ಹೆಚ್ಚು ಮಾಡುವ ಜೋಡಣೆಗಳಲ್ಲಿ ಅದೂ ಒಂದು.

ನೆಪೆಂಥಿಸ್: ಗಂಡು ಬೇರೆ, ಹೆಣ್ಣು ಬೇರೆ

ನೆಪೆಂಥಿಸ್‌ನ ಕಷ್ಟ ಬೇರೆ. ಒಂದು ಗಿಡ ಗಂಡು ಇಲ್ಲವೇ ಹೆಣ್ಣು. ಹೂಬಿಡುವ ತನಕ ಯಾವುದೆಂದು ಗೊತ್ತಾಗುವುದಿಲ್ಲ, ಹೂಬಿಡಲು ಹಲವು ವರ್ಷ ಹಿಡಿಯುತ್ತದೆ. ಒಬ್ಬರ ಮನೆಯಲ್ಲಿ ಹೆಣ್ಣು ಹೂಬಿಟ್ಟಾಗ ಇನ್ನೊಬ್ಬರ ಮನೆಯ ಗಂಡು ಹೂಬಿಟ್ಟಿರಬೇಕು. ಆದ್ದರಿಂದ ಪರಾಗವನ್ನು ಒಣಗಿಸಿ, ಕಾಗದದಲ್ಲಿ ಮಡಚಿ, ಫ್ರಿಜ್‌ನಲ್ಲಿಟ್ಟು, ಅಂಚೆಯಲ್ಲಿ ಕಳಿಸುವುದು ರೂಢಿ. ಇದು ಒಬ್ಬರೇ ಕೂತು ಮಾಡುವ ಹವ್ಯಾಸವಲ್ಲ, ಬಳಗ ಬೇಕು. ಎರಡೂ ತುದಿ ಎಳೆಯಷ್ಟು ಸಪೂರವಾದ ಬೀಜ ಬೇಗ ಸತ್ವ ಕಳೆದುಕೊಳ್ಳುವುದರಿಂದ ಕಾಯಿ ಒಡೆದ ತಕ್ಷಣ ಪಾಚಿಯ ಮೇಲೆ ಉದುರಿಸಬೇಕು.

ಇಂಗ್ಲೆಂಡಿನ ವೀಚ್ ನರ್ಸರಿಯಲ್ಲಿ ಜಾನ್ ಡೊಮಿನಿ ಬೆಳೆಸಿದ ಮೊದಲ ನೆಪೆಂಥಿಸ್ ಸಂಕರ 1862ರದು. ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸದಲ್ಲಿ ಜಪಾನ್ ಮುಂದೆ ಬಂತು. ಎಫಲ್ಜೆಂಟ್ ಕೊತೊ, ಡ್ಯಾಶಿ ಕೊತೊ, ಅಕ್ಸೆಂಚುವಲ್ ಕೊತೊ, ರೊಕ್ಕೊ ಎಕ್ಸೋಟಿಕಾ ಮೊದಲಾದ ಜಪಾನಿ ಸಂಕರಗಳ ಹೆಸರು ಹಳೆಯ ಪಟ್ಟಿಗಳನ್ನು ತುಂಬಿವೆ. ಸಂಕರದಿಂದ ಬರುವ ಲಾಭ ಚೆಲುವಷ್ಟೇ ಅಲ್ಲ. ಬೆಟ್ಟದ ಪ್ರಭೇದಕ್ಕೆ ತಂಪು ರಾತ್ರಿ ಬೇಕು, ತಗ್ಗಿನ ಪ್ರಭೇದಕ್ಕೆ ಚಳಿ ಆಗದು. ಇವೆರಡರ ಸಂತಾನ ನಡುವಿನ ಉಷ್ಣತೆಯನ್ನು ತಾಳಿಕೊಂಡು ಮಾಮೂಲಿ ಮನೆಯ ಕಿಟಕಿಯಲ್ಲೂ ಬದುಕುತ್ತದೆ. ನಮ್ಮ ನರ್ಸರಿಗಳಲ್ಲೂ ಸಿಗುವ ವೆಂಟ್ರಾಟಾ ಎಂಬ ಸಂಕರ ಇಷ್ಟು ಜನಪ್ರಿಯವಾದದ್ದು ಆ ತಾಳಿಕೆಯಿಂದಲೇ.

ಕುಂಡದ ಚೀಟಿ

ಸಂಕರಣದಲ್ಲಿ ಕೈಚಳಕಕ್ಕಿಂತ ಮುಖ್ಯವಾದದ್ದು ಬರವಣಿಗೆ. ತಾಯಿಯ ಹೆಸರು ಮೊದಲು, ನಡುವೆ ಗುಣಾಕಾರದ ಗುರುತು, ಆಮೇಲೆ ತಂದೆಯ ಹೆಸರು, ಪರಾಗ ಹಚ್ಚಿದ ತಾರೀಖು. ಇದು ಕುಂಡದ ಚೀಟಿಯಲ್ಲೂ ಇರಬೇಕು, ಪುಸ್ತಕದಲ್ಲೂ ಇರಬೇಕು, ಏಕೆಂದರೆ ಬಿಸಿಲಿಗೆ ಚೀಟಿಯ ಶಾಯಿ ಮಾಸುತ್ತದೆ. ಹೆಸರಿಲ್ಲದ ಸರಸೇನಿಯಾ ಎಷ್ಟೇ ಸುಂದರವಾಗಿದ್ದರೂ ಮುಂದಿನ ಸಂಕರಕ್ಕೆ ಉಪಯೋಗವಿಲ್ಲ, ಪ್ರಭೇದ ಉಳಿಸುವ ಕೆಲಸಕ್ಕಂತೂ ಇಲ್ಲವೇ ಇಲ್ಲ.

ಇಚಿಕಾವಾದವರಿಗೆ ಇದನ್ನು ಪೇರ್ ಬೆಳೆಗಾರರೇ ತೋರಿಸಿಕೊಡಬಲ್ಲರು. ಪಕ್ಕದ ಮತ್ಸುದೊದಲ್ಲಿ 1888ರಲ್ಲಿ ಹುಡುಗನೊಬ್ಬನಿಗೆ ಕಸದ ಗುಂಡಿಯ ಬಳಿ ಸಿಕ್ಕ ಸಸಿಯಿಂದ ನಿಜಿಸ್ಸೇಕಿ ಎಂಬ ಪ್ರಸಿದ್ಧ ಪೇರ್ ತಳಿ ಹುಟ್ಟಿತು. ಅದರ ತಂದೆತಾಯಿ ಯಾರೆಂದು ಆಗ ಬರೆದಿಟ್ಟವರಿಲ್ಲ. ಆದರೆ ಅಲ್ಲಿಂದ ಮುಂದಿನದೆಲ್ಲ ದಾಖಲಾಗಿದೆ: ನಿಜಿಸ್ಸೇಕಿಯ ಪರಾಗದಿಂದ ಕಿಕುಸುಯಿ, ಕಿಕುಸುಯಿಯ ಹೂವಿಗೆ ವಾಸೆಕೋಝೊದ ಪರಾಗ ಹಚ್ಚಿ ಕೋಸುಯಿ. 1941ರಲ್ಲಿ ಹಚ್ಚಿದ ಪರಾಗದ ಫಲಕ್ಕೆ 1959ರಲ್ಲಿ ಹೆಸರಿಟ್ಟರು. ಹದಿನೆಂಟು ವರ್ಷ ಕಾದು, ಪರೀಕ್ಷಿಸಿ, ಆಮೇಲೆ ಹೆಸರು. ಮೂರು ವರ್ಷದ ಸಸಿಗೆ ಆಕರ್ಷಕ ಹೆಸರಿಟ್ಟು ಮಾರುವವರು ಈ ತಾಳ್ಮೆಯನ್ನು ನೋಡಬೇಕು. ಕೀಟಾಹಾರಿ ಸಸ್ಯಗಳ ತಳಿ ಹೆಸರುಗಳನ್ನು ಅಂತರರಾಷ್ಟ್ರೀಯ ಕೀಟಾಹಾರಿ ಸಸ್ಯ ಸಂಘ ವಿವರಣೆ, ಚಿತ್ರಗಳ ಸಮೇತ ನೋಂದಾಯಿಸಿಕೊಳ್ಳುತ್ತದೆ.

ಎಲ್ಲರೂ ಸಂಕರದ ಹಿಂದೆಯೇ ಹೋದರೆ ಶುದ್ಧ ಪ್ರಭೇದಗಳನ್ನು ಕಾಯುವವರು ಯಾರು ಎಂಬ ಚಿಂತೆ ನನಗಿದೆ. ಮುಜಿನಾಮೊ ಉಳಿದದ್ದು ಅದು ಇದ್ದ ಹಾಗೆಯೇ ಇಟ್ಟುಕೊಂಡವರಿಂದ. ಕಟ್ಟೆಯ ಮೇಲೆ ಹತ್ತು ಕುಂಡಕ್ಕೆ ಜಾಗವಿದ್ದರೆ ಐದನ್ನಾದರೂ ಊರು ಗೊತ್ತಿರುವ, ಬೆರಕೆಯಿಲ್ಲದ ಗಿಡಗಳಿಗೆ ಮೀಸಲಿಡುವುದು ಒಳ್ಳೆಯದು.

ಕಾಡಿನಿಂದ ತರುವುದು, ಕಾಡಿಗೆ ಬಿಡುವುದು

ನೆಪೆಂಥಿಸ್ ಮತ್ತು ಸರಸೇನಿಯಾ ಕುಲಗಳು ಪೂರ್ತಿಯಾಗಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ವ್ಯಾಪ್ತಿಯಲ್ಲಿವೆ. ಖಾಸಿಯಾನಾ, ಬೋರ್ನಿಯೊದ ರಾಜಾ, ಅಮೆರಿಕದ ಒರಿಯೊಫಿಲಾ ಅದರ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿವೆ. ಕಾಗದಪತ್ರವಿಲ್ಲದೆ ಗಡಿ ದಾಟಿಸುವುದು ಅಪರಾಧ.

ಪ್ರೀತಿಯಿಂದ ಗಿಡವನ್ನು ಜೌಗಿಗೆ ನೆಟ್ಟುಬರುವವರಿಂದ ಆಗುವ ಕೇಡೂ ಸಣ್ಣದಲ್ಲ. ಐರ್ಲೆಂಡಿನ ಜೌಗಿನಲ್ಲಿ 1906ರಲ್ಲಿ ನೆಟ್ಟ ಸರಸೇನಿಯಾ ಪರ್ಪ್ಯುರಿಯಾ ಹರಡಿಕೊಂಡು ಈಗ ಅದನ್ನು ಕೀಳುವ ಕೆಲಸ ನಡೆದಿದೆ. ಅಮೆರಿಕದ ಯುಟ್ರಿಕ್ಯುಲೇರಿಯಾ ಇನ್‌ಫ್ಲೇಟಾ ಜಪಾನಿನ ಕೆರೆಗಳಿಗೂ ಸೇರಿದೆ. ಓಮಾಚಿಯಲ್ಲಿ, ನಗರದ ಪ್ರಾಣಿ ಮತ್ತು ಸಸ್ಯೋದ್ಯಾನದ ಮಗ್ಗುಲಲ್ಲೇ, ಒರತೆ ನೀರಿನಿಂದ ಹಸಿಯಾಗಿರುವ ನಾಗಾತಾ ಕಣಿವೆಯ ಜೌಗು ಇದೆ. ಹೆಚ್ಚಾದ ಸಸಿಗಳನ್ನು ಅಂಥ ಜಾಗದಲ್ಲಿ ನೆಡುವುದಕ್ಕಿಂತ ಹವ್ಯಾಸಿಗಳ ಸಭೆಯಲ್ಲಿ ಹಂಚುವುದು ಸರಿ.

ನಮ್ಮಲ್ಲಿ ಸಾಕುವವರಿಗೆ

ಇಚಿಕಾವಾದ ಲೆಕ್ಕ ಬೆಂಗಳೂರಿನಲ್ಲಿ ತಿರುಗಿಬೀಳುತ್ತದೆ. ಅಲ್ಲಿ ಸುಲಭವಾದ ಸರಸೇನಿಯಾ ಇಲ್ಲಿ ಕಷ್ಟ. ನಮ್ಮ ಡಿಸೆಂಬರ್ ರಾತ್ರಿಗಳು ಅದನ್ನು ಮಲಗಿಸುವಷ್ಟು ತಣ್ಣಗಿಲ್ಲ, ನಿದ್ದೆಯಿಲ್ಲದೆ ಎರಡು ಮೂರು ವರ್ಷದಲ್ಲಿ ಗಿಡ ಸೊರಗುತ್ತದೆ. ಕೆಲವರು ಗಡ್ಡೆಯನ್ನು ತೇವದ ಪಾಚಿಯಲ್ಲಿ ಸುತ್ತಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿಡುತ್ತಾರೆ. ನೆಪೆಂಥಿಸ್‌ಗೆ ಮಾತ್ರ ಬೆಂಗಳೂರು, ಮಲೆನಾಡು, ಕೊಡಗಿನ ಹವೆ ಒಗ್ಗುತ್ತದೆ, ಬಿಸಿಪೆಟ್ಟಿಗೆ ಬೇಕಿಲ್ಲ. ಅರೆನೆರಳು, ಮಳೆನೀರು ಇಲ್ಲವೇ ಫಿಲ್ಟರ್ ಮಾಡಿದ ನೀರು, ಪಾಚಿಗೆ ಪರ್ಲೈಟ್ ಬೆರೆಸಿದ ಹಗುರ ಮಿಶ್ರಣ ಸಾಕು. ತೆಂಗಿನ ನಾರಿನ ಪುಡಿ ಬಳಸುವುದಾದರೆ ಹಲವು ಸಲ ತೊಳೆದು ಉಪ್ಪು ತೆಗೆಯಲೇಬೇಕು. ವೆಂಟ್ರಾಟಾದಿಂದ ಶುರು ಮಾಡಬಹುದು. ಕೊಳ್ಳುವಾಗ ನರ್ಸರಿಯಲ್ಲಿ ಬೀಜ ಅಥವಾ ಅಂಗಾಂಶ ಕೃಷಿಯಿಂದ ಬೆಳೆದ ಗಿಡವೇ ಎಂದು ಕೇಳಿ ತಿಳಿದುಕೊಂಡು, ತಂದ ದಿನವೇ ಅದರ ಹೆಸರು, ಮೂಲವನ್ನು ಬರೆದಿಡಬೇಕು.