ಮನೆಯ ಮುಂದೆ ಎಷ್ಟು ಮೆಟ್ಟಿಲು?



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ಬರುವುದೆಂದು ತಾವು ನಿರೀಕ್ಷಿಸಿರಬಹುದು. ಇಂದು ನಾನು ಹೇಳಬಯಸುವುದು ಮನೆಗಳ ಇತಿಹಾಸವನ್ನು. ಈ ವಿಷಯದತ್ತ ನನ್ನನ್ನು ಸೆಳೆದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ.

ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1990ರ ದಶಕದ ಕೊನೆಯಲ್ಲಿ ರೆಸಿಡೆನ್ಸಿಗಾಗಿ ಅಮೆರಿಕಕ್ಕೆ ಬಂದ ಹೊಸತು. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ, ನಲವತ್ತರ ಆಸುಪಾಸಿನ ಒಬ್ಬರು ನನ್ನ ವಾರ್ಡಿನಲ್ಲಿದ್ದರು. ಗಾಯ ಮಾಗಿತ್ತು, ಗಾಲಿಕುರ್ಚಿಯನ್ನು ನಡೆಸಲು ಕಲಿತಿದ್ದರು. ನಾನು ಬಿಡುಗಡೆಯ ಕಾಗದಗಳನ್ನು ಬರೆಯುತ್ತಿದ್ದಾಗ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಬಂದು ಕೇಳಿದರು: “ಡಾಕ್ಟರೇ, ಇವರ ಮನೆಯ ಮುಂದೆ ಎಷ್ಟು ಮೆಟ್ಟಿಲು?” ಅವರ ರಕ್ತಪರೀಕ್ಷೆಯ ಅಂಕಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಇದೊಂದು ಅಂಕಿ ಮಾತ್ರ ಗೊತ್ತಿರಲಿಲ್ಲ. ವಿಚಾರಿಸಿದಾಗ ಐದು ಮೆಟ್ಟಿಲುಗಳಿದ್ದವು. ಬಚ್ಚಲುಮನೆಯ ಬಾಗಿಲು ಗಾಲಿಕುರ್ಚಿಗಿಂತ ಕಿರಿದಾಗಿತ್ತು. ಅವರು ತಮ್ಮ ಮನೆಗೆ ಹೋಗದೆ, ತಮಗಿಂತ ಮೂವತ್ತು ನಲವತ್ತು ವರ್ಷ ಹಿರಿಯರಾದವರ ನಡುವೆ ನರ್ಸಿಂಗ್ ಹೋಮಿನಲ್ಲಿ ನೆಲೆಸಬೇಕಾಯಿತು. ನನ್ನ ಕಾಗದದಲ್ಲಿ ಮಾತ್ರ ‘ರೋಗಿಯ ಸ್ಥಿತಿ ತೃಪ್ತಿಕರ’ ಎಂದೇ ಇತ್ತು.

ಮನೆಯಿಲ್ಲದ ಕಾರಣಕ್ಕೆ ಆಸ್ಪತ್ರೆಯಲ್ಲೇ ವಾಸಿಸಬೇಕಾಗಿ ಬಂದ ಇನ್ನೊಬ್ಬರ ಕಥೆಯಿಂದ ಈ ದೇಶದ ಒಂದು ದೊಡ್ಡ ಚಳವಳಿಯೇ ಹುಟ್ಟಿತು. ಎಡ್ ರಾಬರ್ಟ್ಸ್ ಎಂಬ ಬಾಲಕನಿಗೆ 1953ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ ಪೋಲಿಯೊ ತಗುಲಿ, ಕತ್ತಿನಿಂದ ಕೆಳಗಿನ ದೇಹ ಬಹುಮಟ್ಟಿಗೆ ನಿಶ್ಚಲವಾಯಿತು. ಉಸಿರಾಟಕ್ಕೆ ‘ಕಬ್ಬಿಣದ ಶ್ವಾಸಕೋಶ’ವೆಂಬ, ಸುಮಾರು 800 ಪೌಂಡು ತೂಕದ ಯಂತ್ರ ಬೇಕಿತ್ತು. 1962ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವನ್ನು ಸೇರಿದಾಗ ಆ ಯಂತ್ರದ ಭಾರವನ್ನು ತಾಳಬಲ್ಲ ವಿದ್ಯಾರ್ಥಿನಿಲಯವಿರಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಕೋವೆಲ್ ಆಸ್ಪತ್ರೆಯ ಕೊಠಡಿಯೊಂದೇ ಅವರ ಮನೆಯಾಯಿತು. ಅವರ ಹಿಂದೆ ಇತರ ಅಂಗವಿಕಲ ವಿದ್ಯಾರ್ಥಿಗಳೂ ಅಲ್ಲಿಗೆ ಬಂದರು. ರೋಗಿಗಳಲ್ಲದ ತಾವು ಆಸ್ಪತ್ರೆಯಲ್ಲೇಕೆ ವಾಸಿಸಬೇಕೆಂಬ ಪ್ರಶ್ನೆ ಅವರಲ್ಲಿ ಬಲಿಯಿತು.

ಈ ಗೆಳೆಯರ ಬಳಗದ ಪ್ರಯತ್ನದಿಂದ 1972ರಲ್ಲಿ ಬರ್ಕ್ಲಿಯಲ್ಲಿ ‘ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್’ ಎಂಬ ಸಂಸ್ಥೆ ಸ್ಥಾಪಿತವಾಯಿತು. ಬಾಡಿಗೆಗೆ ತಕ್ಕ ಮನೆ ಹುಡುಕುವುದು, ದಿನಚರಿಗೆ ನೆರವಾಗುವ ಸಹಾಯಕರನ್ನು ಒದಗಿಸುವುದು, ಗಾಲಿಕುರ್ಚಿಗಳನ್ನು ದುರಸ್ತಿ ಮಾಡುವುದು ಅದರ ಕೆಲಸ. ನಡೆಸುವವರೂ ಬಹುಪಾಲು ಅಂಗವಿಕಲರೇ. ರಾಬರ್ಟ್ಸ್ ಉದ್ಯೋಗಕ್ಕೆ ಯೋಗ್ಯರಲ್ಲವೆಂದು ಒಮ್ಮೆ ಷರಾ ಬರೆದಿದ್ದ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಗೆ 1975ರಲ್ಲಿ ಅವರೇ ನಿರ್ದೇಶಕರಾಗಿ ನೇಮಕಗೊಂಡರು.

ಅನಂತರದ ಹೆಜ್ಜೆಗಳು ಕಾನೂನಿನವು. ಸರಕಾರದ ಹಣ ಪಡೆಯುವ ಯಾವ ಕಾರ್ಯಕ್ರಮವೂ ಅಂಗವಿಕಲರಲ್ಲಿ ಭೇದವೆಣಿಸಕೂಡದೆಂದು 1973ರ ಪುನರ್ವಸತಿ ಕಾಯಿದೆಯ 504ನೆಯ ವಿಧಿ ಸಾರಿತು. ಆದರೆ ಅದರ ನಿಯಮಗಳಿಗೆ ಸಹಿ ಬೀಳಲು 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಕಚೇರಿಯೊಂದರಲ್ಲಿ ನೂರಕ್ಕೂ ಮಿಕ್ಕಿದ ಜನ ಮೂರು ವಾರಗಳಿಗೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. 1988ರ ವಸತಿ ಕಾಯಿದೆಯ ತಿದ್ದುಪಡಿಯು ಖಾಸಗಿ ಮನೆಗಳ ಬಾಗಿಲನ್ನೂ ತಟ್ಟಿತು: ಅಂಗವಿಕಲರೆಂಬ ಕಾರಣಕ್ಕೆ ಮನೆಯನ್ನು ನಿರಾಕರಿಸುವುದು ಕಾನೂನುಬಾಹಿರವೆನಿಸಿತು. 1991ರ ಮಾರ್ಚ್ 13ರ ಅನಂತರ ಒಕ್ಕಲು ಬರುವ, ನಾಲ್ಕು ಅಥವಾ ಹೆಚ್ಚು ಮನೆಗಳುಳ್ಳ ಕಟ್ಟಡಗಳಲ್ಲಿ ಅಗಲವಾದ ಬಾಗಿಲು, ಕೈಗೆಟುಕುವ ಸ್ವಿಚ್ಚು, ಹಿಡಿಕಂಬಿಯನ್ನು ತಾಳಬಲ್ಲ ಬಚ್ಚಲಿನ ಗೋಡೆಗಳು ಕಡ್ಡಾಯವಾದವು. ಲಿಫ್ಟ್ ಇದ್ದರೆ ಎಲ್ಲ ಮನೆಗಳಿಗೂ, ಇಲ್ಲದಿದ್ದರೆ ನೆಲಮಹಡಿಯ ಮನೆಗಳಿಗೆ ಈ ನಿಯಮ.

ಇಲ್ಲೊಂದು ಕೊರತೆಯನ್ನು ಗಮನಿಸಬೇಕು. ನಮ್ಮಲ್ಲಿ ಬಹುತೇಕರು ಕೊಳ್ಳುವ ಬಿಡಿ ಮನೆಗಳಿಗೆ ಈ ನಿಯಮ ಅನ್ವಯಿಸದು. ಈ ಕೊರತೆಯನ್ನು ನೀಗಲು ಅಟ್ಲಾಂಟದ ಎಲಿನರ್ ಸ್ಮಿತ್ 1987ರಲ್ಲಿ ಚಳವಳಿ ಆರಂಭಿಸಿದರು. ಅವರ ಬೇಡಿಕೆ ಮೂರೇ: ಮೆಟ್ಟಿಲಿಲ್ಲದ ಒಂದು ಪ್ರವೇಶ, 32 ಅಂಗುಲ ತೆರಪಿನ ಬಾಗಿಲುಗಳು, ನೆಲಮಹಡಿಯಲ್ಲಿ ಒಂದು ಶೌಚಗೃಹ. 1992ರಲ್ಲಿ ಅಟ್ಲಾಂಟ ನಗರವು ತನ್ನ ನೆರವಿನಿಂದ ಕಟ್ಟುವ ಕೆಲವು ಬಗೆಯ ಮನೆಗಳಿಗೆ ಇಂಥ ನಿಯಮವನ್ನು ವಿಧಿಸಿತು.

ಅದೇ ಜಾರ್ಜಿಯ ರಾಜ್ಯದ ಲೋಯಿಸ್ ಕರ್ಟಿಸ್ ಮತ್ತು ಇಲೇನ್ ವಿಲ್ಸನ್ ಎಂಬ ಮಹಿಳೆಯರ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಅವರು ಸಮುದಾಯದಲ್ಲಿ ಬದುಕಬಲ್ಲರೆಂದು ಚಿಕಿತ್ಸೆ ನೀಡಿದ ವೈದ್ಯರೇ ಹೇಳಿದ್ದರೂ ಅವರು ಸರಕಾರಿ ಆಸ್ಪತ್ರೆಯಲ್ಲೇ ಉಳಿದಿದ್ದರು. ಸಕಾರಣವಿಲ್ಲದೆ ಹೀಗೆ ಪ್ರತ್ಯೇಕವಾಗಿರಿಸುವುದು 1990ರ ಅಂಗವಿಕಲರ ಕಾಯಿದೆಗೆ ವಿರುದ್ಧವಾದ ತಾರತಮ್ಯವೆಂದು 1999ರ ಜೂನ್ 22ರಂದು ತೀರ್ಪು ಹೊರಬಿತ್ತು.

ಹಕ್ಕು ದೊರೆತರೂ ಬಾಡಿಗೆ ತೆರಬೇಕಲ್ಲವೇ? ಆದಾಯವಿಲ್ಲದ ಅಂಗವಿಕಲರಿಗೆ ಕೇಂದ್ರ ಸರಕಾರ ಕೊಡುವ ಎಸ್.ಎಸ್.ಐ. ಸಹಾಯಧನದ ಗರಿಷ್ಠ ಮೊತ್ತ 2025ರಲ್ಲಿ ಒಬ್ಬರಿಗೆ ತಿಂಗಳಿಗೆ 967 ಡಾಲರ್. ಆದಾಯದ ಶೇಕಡಾ 30ನ್ನು ಬಾಡಿಗೆಗೆ ವಿನಿಯೋಗಿಸಬಹುದೆಂಬ ರೂಢಿಯ ಲೆಕ್ಕದಲ್ಲಿ ಅದು ಸುಮಾರು 290 ಡಾಲರ್. ಆ ಹಣಕ್ಕೆ ನಮ್ಮ ಊರುಗಳಲ್ಲಿ ಎಂಥ ಮನೆ ಸಿಕ್ಕೀತೆಂದು ತಾವೇ ಊಹಿಸಬಹುದು. ಇನ್ನೊಂದು ವಿಪರ್ಯಾಸವಿದೆ. ಅರ್ಹರಾದವರ ನರ್ಸಿಂಗ್ ಹೋಮಿನ ವೆಚ್ಚವನ್ನು ಮೆಡಿಕೇಡ್ ಭರಿಸಲೇಬೇಕು; ಅದೇ ಆರೈಕೆಯನ್ನು ಮನೆಯಲ್ಲಿ ಕೊಡುವುದು ಬಹುಮಟ್ಟಿಗೆ ಆಯಾ ರಾಜ್ಯದ ಇಚ್ಛೆಗೆ ಬಿಟ್ಟದ್ದು. ಬಾಗಿಲು, ಬಾಡಿಗೆ, ಆರೈಕೆ ಈ ಮೂರರಲ್ಲಿ ಒಂದು ತಪ್ಪಿದರೂ ಮನೆ ತಪ್ಪುತ್ತದೆ.

ಈ ಕಥೆ ನಮಗೇಕೆ? ಊರಿನಿಂದ ಬಂದ ತಂದೆತಾಯಿಗಳು ಮೊಣಕಾಲು ನೋವಿನಿಂದ ಮಹಡಿಯ ಮಲಗುವ ಕೋಣೆಯಲ್ಲೇ ದಿನ ಕಳೆಯುವುದನ್ನು ನಾವು ಕಂಡಿದ್ದೇವೆ. ನಮ್ಮ ಕೆಲವು ಕುಟುಂಬಗಳಲ್ಲಿ ಅಂಗವಿಕಲರಾದ ಮಕ್ಕಳಿದ್ದಾರೆ. ‘ನಮ್ಮ ನಂತರ ಇವನು ಎಲ್ಲಿರುತ್ತಾನೆ ಡಾಕ್ಟರೇ?’ ಎಂದು ಅವರ ತಾಯಂದಿರು ನನ್ನನ್ನು ಮೆಲುದನಿಯಲ್ಲಿ ಕೇಳಿದ್ದಾರೆ. ಆ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳಬೇಕಾಗಿಲ್ಲ. ಊರಿನ ಯೋಜನಾ ಮಂಡಲಿಯ ಸಭೆಯಲ್ಲಿ, ಸುಲಭ ಬಾಡಿಗೆಯ ಮನೆಗಳ ಪ್ರಸ್ತಾವ ಬಂದಾಗ, ಗಟ್ಟಿಯಾಗಿಯೇ ಕೇಳಬಹುದು. ‘ನಮ್ಮ ಬೀದಿಗೆ ಅಂಥ ಮನೆಗಳು ಬೇಡ’ ಎನ್ನುವವರ ಸಾಲಿನಲ್ಲಿ ನಾವು ಕೂರದಿರೋಣ. ನಮ್ಮ ತಾಯ್ನಾಡಿನ 2016ರ ಕಾಯಿದೆ ಕೂಡ ಸಮುದಾಯದ ನಡುವೆ ಬಾಳುವುದನ್ನು ಅಂಗವಿಕಲರ ಹಕ್ಕೆಂದು ಒಪ್ಪಿದೆ. ಬೆಂಗಳೂರಿನಲ್ಲಿ ಫ್ಲ್ಯಾಟು ಕಾಯ್ದಿರಿಸುವವರು ಅಲ್ಲಿಯೂ ಇದನ್ನು ವಿಚಾರಿಸಬಹುದು.

ಗೃಹಪ್ರವೇಶದಂದು ನಾವು ಹೊಸ್ತಿಲಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತೇವೆ. ಆ ಹೊಸ್ತಿಲನ್ನು ಯಾರು ಯಾರು ದಾಟಬಲ್ಲರೆಂದು ಕರಾರಿಗೆ ಸಹಿ ಹಾಕುವ ಮುನ್ನವೇ ಯೋಚಿಸಬೇಕು. ಅಂದು ವಾರ್ಡಿನಲ್ಲಿ ನನಗೆ ಉತ್ತರ ಗೊತ್ತಿರಲಿಲ್ಲ. ಇಂದು ನನ್ನ ರೋಗಿಗಳನ್ನು ಮನೆಗೆ ಕಳುಹಿಸುವ ಮೊದಲು ನಾನೇ ಆ ಪ್ರಶ್ನೆಯನ್ನು ಕೇಳುತ್ತೇನೆ: ಮನೆಯ ಮುಂದೆ ಎಷ್ಟು ಮೆಟ್ಟಿಲು?